ಮೇಲಿನ ದಾರಿ

ಮಾರ್ಚ್ 2, ಶನಿವಾರ, ಸಂಜೆ

ಮತ್ತೆ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್, ಕೇಬಲ್, ಮಾವನ ಜಿಪಿಎಸ್ ಮಷಿನ್. ಬೆಟ್ಟದ ಹೊಸ ನಕ್ಷೆ ಡೌನ್‌ಲೋಡ್ ಆಗುತ್ತಿದೆ. ಇಂಟರ್ನೆಟ್ ಇವತ್ತು ತೆವಳುತ್ತಿದೆ. ಮಾವ ಎದುರಿಗೆ ಕೈಕಟ್ಟಿ ಕೂತಿದ್ದಾರೆ, ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಕೂತ ನೆಂಟರ ಹಾಗೆ.

"ಏನಂತಾರೆ ಪಂಡಿತರು?" ಮಷಿನ್‌ಗೆ ಅವರಿಟ್ಟ ಹೆಸರು ಪಂಡಿತರು.

"ಹೊಟ್ಟೆ ತುಂಬಿದೆಯಂತೆ ಮಾವ. ಹಳೇದು ಸ್ವಲ್ಪ ಅಳಿಸಿದ್ರೆ ಜಾಗ ಆಗತ್ತೆ."

"ಏನು ಬೇಕಾದ್ರೂ ಅಳಿಸಿ ಅಳಿಯಂದ್ರೇ. ನಿಧಾನ ಮಾತ್ರ ಮುಟ್ಟಬೇಡಿ."

ಮುಟ್ಟಲ್ಲ ಅಂದೆ. 'ನಿಧಾನ' ಅಂದರೆ ಅತ್ತೆ ಕೊನೆಯ ಸಲ ಮಾವನ ಜೊತೆ ಮೇಲಿನ ದಾರಿ ಹತ್ತಿದಾಗ ಮಷಿನ್ ಬರೆದುಕೊಂಡ ಟ್ರ್ಯಾಕ್. ಹೋದ ದಾರಿಯ ಗೆರೆ. ಮಷಿನ್‌ಗೆ ಕನ್ನಡ ಬರಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಆ ಹೆಸರು ಹಾಕಿಕೊಟ್ಟಿದ್ದೆ. ಅತ್ತೆ ಕೂತಲ್ಲೆಲ್ಲ ಗೆರೆ ಗಂಟು ಗಂಟು. ಆ ವರ್ಷವೇ ಹೋಗಿಬಿಟ್ಟರು. ಮಾವ ಒಮ್ಮೊಮ್ಮೆ ಸೋಫಾದಲ್ಲಿ ಕೂತು ಆ ಗೆರೆಯನ್ನು ದೊಡ್ಡದು ಮಾಡಿ ನೋಡುತ್ತಾರೆ. "ಇಲ್ಲಿ ಜಗಳ ಆಗಿದ್ದು, ನೀರಿನ ಬಾಟಲಿ ಯಾರು ಮರೆತಿದ್ದು ಅಂತ." ಯಾರು ಮರೆತಿದ್ದರು ಅಂತ ಇವತ್ತಿಗೂ ಹೇಳಿಲ್ಲ.

ನವೆಂಬರ್‌ನಲ್ಲಿ ಮೇಲಿನ ದಾರಿಯಲ್ಲೇ ಜಾರಿ ಮಂಡಿ ಮುರಿದುಕೊಂಡಿದ್ದರು. ಈಗ ವಾಸಿ. ಇವತ್ತು ಶೂ ಹೊರಗೆ ಬಂದಿದೆ, ಪಾಲಿಶ್ ಬೇರೆ. ನನ್ನ ಹೆಂಡತಿ ಅಡುಗೆಮನೆಯಿಂದ ಶೂ ನೋಡಿದಳು, ಅಪ್ಪನ್ನ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಪಾತ್ರೆ ಸದ್ದು ಜೋರಾಯಿತು.

ಮಾರ್ಚ್ 4, ಸೋಮವಾರ

ಅಪ್ಪ-ಮಗಳ ಜಗಳ, ಬೆಳಗ್ಗೆ ಕಾಫಿ ಜೊತೆಗೇ.

"ಕೆಳಗಿನ ಸುತ್ತು ಹೋಗಿ ಬಾಪ್ಪ. ಯಾರು ಬೇಡ ಅಂದ್ರು? ಮೇಲಿನ ದಾರಿ ಮಾತ್ರ ಬೇಡ."

"ಕೆಳಗಿನ ಸುತ್ತು ಅಂದ್ರೆ ಪಾರ್ಕು. ಅಲ್ಲಿ ನಾಯಿ ವಾಕಿಂಗ್ ಮಾಡ್ತಾವೆ."

"ಬಿದ್ದಾಗ ನೀನು ಅಲ್ಲಿ ಎಷ್ಟು ಹೊತ್ತು ಒಬ್ಬನೇ ಕೂತಿದ್ದೆ, ಗೊತ್ತಾ?"

"ಒಬ್ಬನೇ ಎಲ್ಲಿ? ಅಳಿಯಂದ್ರು ಹಿಂದೆ ಬರ್ತಿದ್ರಲ್ಲ. ಅವರು ಬಂದು ಮುಟ್ಟೋಕೆ ಹೊತ್ತಾಯ್ತು, ಅಷ್ಟೆ." ನನ್ನ ಕಡೆ ಕಣ್ಣು ಹೊಡೆದರು. ನನಗೆ ನಗು ಬರಲಿಲ್ಲ. ಅವತ್ತು ನಿಜವಾಗಿ ಹೊತ್ತಾಗಿತ್ತು. ಏದುಸಿರು ಬಿಟ್ಟುಕೊಂಡು ತಿರುವು ದಾಟಿದಾಗ ಮಾವ ನೆಲದ ಮೇಲೆ, ಕಾಲು ಎಲ್ಲೋ ತಿರುಗಿತ್ತು. ಆ ಚಿತ್ರ ಈಗಲೂ ಹೋಗಿಲ್ಲ.

ಕೊನೆಗೆ ಮಾವ ಲೋಟ ಕೆಳಗಿಟ್ಟು ಎದ್ದರು. "ಪಂಡಿತರು ದಾರಿ ಇಲ್ಲ ಅನ್ನಲಿ, ಅವತ್ತೇ ನಿಲ್ಲಿಸ್ತೀನಿ. ಅಲ್ಲೀವರೆಗೂ ರೈಟ್ ರೈಟ್." ಬಸ್ ಓಡಿಸಿಯೇ ರಿಟೈರ್ ಆದವರು. ಮಾತು ಮುಗಿಸುವುದೂ ಕಂಡಕ್ಟರ್ ಭಾಷೆಯಲ್ಲೇ.

ಅವರು ಹೋದ ಮೇಲೆ ಇವಳು ನನ್ನ ಮೇಲೆ. "ರೀ, ನಿಮ್ಮ ಮಾತಾದ್ರೆ ಕೇಳ್ತಾರೆ. ಏನಾದ್ರೂ ಮಾಡಿ."

ಏನು ಮಾಡಲಿ... ಪಂಡಿತರು ದಾರಿ ಇಲ್ಲ ಅನ್ನಲಿ. ಬಸ್ಸಿನಲ್ಲಿ ಆಫೀಸಿಗೆ ಹೋಗುವಾಗ ಆ ಮಾತೇ ತಲೆಯಲ್ಲಿ.

ಮಾರ್ಚ್ 6, ಬುಧವಾರ, ಆಫೀಸಿನಲ್ಲಿ, ಊಟದ ಹೊತ್ತು

ಮುಗಿಸಿಬಿಟ್ಟೆ. ಊಟದ ಡಬ್ಬಿ ಇನ್ನೂ ಬಿಚ್ಚಿಲ್ಲ.

ನೀರು ಸರಬರಾಜು ಆಫೀಸಿನಲ್ಲಿ ನನ್ನ ಕೆಲಸವೇ ಇದು. ಪೈಪ್‌ಲೈನ್ ನಕ್ಷೆಗೆ ಹೊಸ ಪೈಪು ಸೇರಿಸುವುದು, ಕೆಲಸಕ್ಕೆ ಬಾರದ್ದನ್ನು ಅಳಿಸುವುದು. ಅದೇ ಸಾಫ್ಟ್‌ವೇರ್‌ನಲ್ಲಿ ಮಾವನ ಬೆಟ್ಟ ತೆರೆದೆ. ಕವಲಿನಿಂದ ಮೇಲಿನ ದಾರಿ, ಸಣ್ಣ ಚುಕ್ಕಿ ಗೆರೆ. ಸೆಲೆಕ್ಟ್. ಡಿಲೀಟ್. ಉಳಿದದ್ದು ಬರೀ ಹಸಿರು. ಮತ್ತೆ ನಕ್ಷೆ ಕಟ್ಟಿ, ಮೆಮೊರಿ ಕಾರ್ಡ್‌ಗೆ ಹಾಕಿ, ಮಷಿನ್‌ಗೆ ತೂರಿಸಿದೆ. ಬ್ಯಾಟರಿ ಬದಲಿಸುವ ನೆಪದಲ್ಲಿ ಬೆಳಗ್ಗೆ ಮಷಿನ್ ತಂದಿದ್ದೆ.

ಒಂದು ತೊಡಕು. ಹಳೆಯ ಟ್ರ್ಯಾಕ್‌ಗಳು ಮೇಲಿನ ದಾರಿಯ ಮೇಲೇ ಓಡಾಡಿದ್ದವು. ನಕ್ಷೆಯಲ್ಲಿ ದಾರಿ ಇಲ್ಲ, ಟ್ರ್ಯಾಕ್ ಇದೆ ಅಂದರೆ ಗುಟ್ಟು ರಟ್ಟು. ಟ್ರ್ಯಾಕ್ ಫೋಲ್ಡರ್ ಕಂಪ್ಯೂಟರ್‌ಗೆ ಕಾಪಿ ಮಾಡಿಟ್ಟು, ಮಷಿನ್‌ನಲ್ಲಿ 'ಎಲ್ಲ ಅಳಿಸು' ಒತ್ತಿದೆ. 'ನಿಧಾನ' ಒಂದನ್ನು ಮಾತ್ರ ನಾಳೆ ಎಲ್ಲಾದರೂ ಸೇರಿಸಿದರಾಯಿತು. ಇಲ್ಲ, ಅದೂ ಅದೇ ದಾರಿ ಅಲ್ಲವಾ... ನೋಡೋಣ.

ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಯಾರಿಗೂ ನೋವಿಲ್ಲ, ಜಗಳವಿಲ್ಲ. ಇವಳಿಗೂ ಹೇಳಲ್ಲ.

ಮಾರ್ಚ್ 10, ಭಾನುವಾರ, ಸಂಜೆ

ಆಫೀಸ್ ಕೆಲಸ ಅಂತ ಸುಳ್ಳು ಹೇಳಿ ಜೊತೆಗೆ ಹೋಗಲಿಲ್ಲ. ಮುಖ ನೋಡುವ ಧೈರ್ಯ ಇರಲಿಲ್ಲ.

ಮಾವ ಬೇಗ ಬಂದರು. ಶೂ ಬಿಚ್ಚಿ, ಜೋಡಿಸಿಟ್ಟು, ಅಲ್ಲೇ ಸ್ಟೂಲ್ ಮೇಲೆ ಕೂತರು.

"ಕವಲಿನ ಹತ್ರ ನಿಂತೆ. ಪಂಡಿತರು ಸುಮ್ನಿದ್ರು."

"ಹೂಂ..."

"ಗಿಡ ಬೆಳೆದುಬಿಟ್ಟಿದೆ. ಆಡು ಓಡಾಡಿದ ಜಾಡು ಸುಮಾರಿದೆ. ಯಾವುದು ನಮ್ಮದು ಅಂತ... ಒಂದರಲ್ಲಿ ಸ್ವಲ್ಪ ಹೋದೆ. ಸ್ಕ್ರೀನ್ ನೋಡಿದ್ರೆ ಕಾಡಿನ ಮಧ್ಯ ನಿಂತಿದೀನಿ. ದಾರಿನೇ ಇಲ್ಲ. ವಾಪಸ್ ಬಂದೆ." ಮಂಡಿ ಉಜ್ಜಿಕೊಂಡರು. "ಕವಲು ಅದೇ ತಾನೆ ಅಳಿಯಂದ್ರೇ? ಆ ದೊಡ್ಡ ಬಂಡೆ ಪಕ್ಕದ್ದು?"

ಅಲ್ಲೇ ಹೇಳಬಹುದಿತ್ತು. ನಕ್ಕು ಹೇಳಿದ್ದರೆ ಅವರೂ ನಗುತ್ತಿದ್ದರೇನೋ. ಬೈದು, ಆಮೇಲೆ ನಗುತ್ತಿದ್ದರು. ನನ್ನ ಬಾಯಿಂದ ಬಂದದ್ದು ಬೇರೆ.

"ಅಲ್ಲ ಅನ್ಸತ್ತೆ ಮಾವ. ಇನ್ನೂ ಮುಂದೆ ಎಲ್ಲೋ ಇರಬೇಕು. ನನಗೂ ಸರಿಯಾಗಿ ನೆನಪಿಲ್ಲ."

"ಮುಂದೆ?" ಅಂದರು. ಬೆರಳಿಂದ ಗಾಳಿಯಲ್ಲಿ ದಾರಿ ಬರೆದು ನೋಡಿದರು. "ಮುಂದೆ ಇರಬೇಕು ಹಾಗಾದ್ರೆ."

ಎದ್ದು ಒಳಗೆ ಹೋದರು. ಇವಳು ಖುಷಿಯಾಗಿ ಕಾಫಿ ಮಾಡಿದಳು.

ಮಾರ್ಚ್ 11, ಸೋಮವಾರ

ಇದನ್ನು ಬರೆಯಲೇಬೇಕು, ಬರೆಯಲು ಆಗುತ್ತಿಲ್ಲ.

ಬೆಳಗ್ಗೆ ಮಾವ ಮಷಿನ್ ಹಿಡಿದು ಬಂದರು. ಮುಖದಲ್ಲಿ ರಕ್ತವೇ ಇಲ್ಲ. "ನಿಧಾನ ಕಾಣಿಸ್ತಿಲ್ಲ. ನಿನ್ನೆ ಅಲ್ಲಿ ನಿಂತು ಏನೇನೋ ಒತ್ತಿದೆ. ನಾನೇ ಅಳಿಸಿಬಿಟ್ನಾ?"

"ಇರಲ್ಲ ಮಾವ, ಇರಿ. ನನ್ನ ಹತ್ರ ಕಾಪಿ ಇರಬೇಕು."

ಆಫೀಸಿಗೆ ಓಡಿದೆ. ಫೋಲ್ಡರ್ ತೆರೆದೆ. ಈಚಿನ ಟ್ರ್ಯಾಕ್‌ಗಳು ಎಲ್ಲ ಇವೆ. 'ನಿಧಾನ' ಇಲ್ಲ. ಹಳೆಯವನ್ನು ಮಷಿನ್ ತಾನೇ ಬೇರೆ ಫೋಲ್ಡರ್‌ಗೆ ಸರಿಸಿಡುತ್ತದಂತೆ. ಅದನ್ನು ನಾನು ನೋಡಿಯೇ ಇರಲಿಲ್ಲ, ಕಾಪಿಯೂ ಮಾಡಿರಲಿಲ್ಲ. 'ಎಲ್ಲ ಅಳಿಸು' ಅಂದಾಗ ಮಷಿನ್ ಮಾತ್ರ ಎಲ್ಲವನ್ನೂ ಅಳಿಸಿತು. ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಹಾಕಿ ನೋಡಿದೆ, ಇನ್ನೊಂದು ಹಾಕಿ ನೋಡಿದೆ. ಆ ಜಾಗದ ಮೇಲೆ ಹೊಸದು ಬರೆದಾಗಿದೆ.

ಸಂಜೆ ಕಾಪಿ ಸಿಗಲಿಲ್ಲ ಅಂದೆ. ಅಷ್ಟೇ ಅಂದೆ.

"ಹೋಗ್ಲಿ ಬಿಡಿ," ಅಂದರು ಮಾವ, ನನಗೇ ಸಮಾಧಾನ ಮಾಡುವ ಹಾಗೆ. "ನಾನೇ ಒತ್ತಿರಬೇಕು. ಕೈ ನನ್ನ ಮಾತು ಕೇಳ್ತಿಲ್ಲ ಈಚೆಗೆ."

ಮಾರ್ಚ್ 30, ಶನಿವಾರ

ಬರೆದು ಸುಮಾರು ದಿನ ಆಯಿತು. ಬರೆಯುವಂಥದ್ದು ಮಾಡಿಲ್ಲ.

ಹೋದ ಎರಡು ಭಾನುವಾರ ಮಾವ ಕವಲಿನ 'ಮುಂದೆ' ಹುಡುಕಿ ಬಂದರು. ಇಲ್ಲದ್ದನ್ನು ಹುಡುಕಿ ಬಂದರು. ಈ ವಾರ ನಕ್ಷೆ ಹಾಕಿ ಅಂತ ಕೇಳಲೇ ಇಲ್ಲ.

ಇವತ್ತು ಬಾಲ್ಕನಿಯಲ್ಲಿ ಕೂತು ಏನೋ ಗೊಣಗುತ್ತಿದ್ದರು. ಕಿವಿಗೊಟ್ಟೆ. ಹಳೆಯ ರೂಟಿನ ಸ್ಟಾಪ್‌ಗಳು, ಒಂದಾದ ಮೇಲೊಂದು. ಆಸ್ಪತ್ರೆ, ಸೇತುವೆ, ಹಾಲಿನ ಡೇರಿ, ಸ್ಕೂಲು... ಸ್ಕೂಲಿನ ನಂತರ ನಿಂತರು. ಮತ್ತೆ ಆಸ್ಪತ್ರೆಯಿಂದ ಶುರು. ಮತ್ತೆ ಸ್ಕೂಲಿನ ಹತ್ತಿರ ನಿಂತರು. ನನ್ನನ್ನು ಕಂಡು ನಕ್ಕರು. "ಬ್ರೇಕ್ ಡೌನ್ ಅಳಿಯಂದ್ರೇ."

ಗ್ಯಾಸ್ ಆಫ್ ಆಗಿದೆಯಾ ಅಂತ ಎದ್ದು ಎದ್ದು ನೋಡುತ್ತಾರೆ. ಅಂಗಡಿಗೆ ಹೋಗುವಾಗ ಇವಳನ್ನು ಜೊತೆಗೆ ಕರೆಯುತ್ತಾರೆ. ಬಸ್ಸು ತುಂಬ ಜನರನ್ನು ಮಂಜಿನಲ್ಲಿ ಘಾಟಿ ಇಳಿಸಿದ ಮನುಷ್ಯ, ಮೂಲೆ ಅಂಗಡಿಗೆ.

"ಅಪ್ಪನಿಗೆ ಮರೆವು ಶುರುವಾಗಿದೆ ಕಣ್ರೀ," ಅಂದಳು ಇವಳು. ಕಣ್ಣೊರೆಸಿಕೊಂಡಳು. ನಾನು ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದೆ.

ಏಪ್ರಿಲ್ 9, ಮಂಗಳವಾರ

ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಗಡಿಯಾರ ಬರೆಸಿದರು, ಪದ ಹೇಳಿ ನೆನಪಿಡಿ ಅಂದರು, ಹಿಂದಿನಿಂದ ಲೆಕ್ಕ ಹೇಳಿಸಿದರು. "ನಿಮ್ಮ ವಯಸ್ಸಿಗೆ ಬಹಳ ಚೆನ್ನಾಗಿದೆ ಸರ್. ನನಗಿಂತ ಪರವಾಗಿಲ್ಲ." ಇವಳು ಉಸಿರು ಬಿಟ್ಟಳು.

ಆಟೋದಲ್ಲಿ ಮಾವ ಕಿಟಕಿ ಕಡೆ ನೋಡುತ್ತ ಹೇಳಿದರು, "ಇವತ್ತು ಯಾವ ವಾರ ಅಂತ ಕೇಳಿದ್ರು. ದಾರಿ ಬಗ್ಗೆ ಏನೂ ಕೇಳಲಿಲ್ಲ."

ಏಪ್ರಿಲ್ 14, ಭಾನುವಾರ

ಉಪಾಯ ಹೊಳೆಯಿತು ಅಂದುಕೊಂಡೆ. ನನ್ನ ಉಪಾಯಗಳಿಗೆ ಬೆಂಕಿ ಬೀಳಲಿ.

ಅಳಿಸಿದ ಗೆರೆ ವಾಪಸ್ ಹಾಕಿದ ನಕ್ಷೆಯನ್ನು ಮಷಿನ್‌ಗೆ ತುಂಬಿಸಿದೆ. ಕುಣಿಯುವವನ ಹಾಗೆ ಹೋಗಿ ತೋರಿಸಿದೆ. "ಮಾವ, ನೋಡಿ! ಹೊಸ ನಕ್ಷೆಯಲ್ಲಿ ಮೇಲಿನ ದಾರಿ ಇದೆ. ಅದೇ ಕವಲು. ಬಂಡೆ ಪಕ್ಕದ್ದೇ. ನೀವು ಹೇಳಿದ್ದೇ ಸರಿ."

ಕನ್ನಡಕ ಹಾಕಿಕೊಂಡರು. ಬಹಳ ಹೊತ್ತು ನೋಡಿದರು. ಖುಷಿಗಾಗಿ ಕಾಯುತ್ತಿದ್ದೆ.

"ಇತ್ತು ಹಾಗಾದ್ರೆ," ಅಂದರು. "ಅವತ್ತೂ ಇತ್ತು. ನನಗೇ ಕಾಣಲಿಲ್ಲ."

"ಇಲ್ಲ ಮಾವ, ಅವತ್ತು ಹಳೇ ನಕ್ಷೆ—"

"ಕಣ್ಣೆದುರು ಇದ್ದದ್ದು ಕಾಣಲಿಲ್ಲ ಅಂದ್ರೆ..." ಮಷಿನ್ ನನ್ನ ಕೈಗಿಟ್ಟರು, ಬಿಸಿ ಪಾತ್ರೆ ಕೊಡುವ ಹಾಗೆ ಹುಷಾರಾಗಿ. "ಬಸ್ಸಿನಲ್ಲಿ ಹೀಗಾಗಿದ್ರೆ ಎಷ್ಟು ಜನ ಸಾಯ್ತಿದ್ರು."

ಮೇ 3, ಶುಕ್ರವಾರ

ಬೆಳಗ್ಗೆ ಶೂ ಸ್ಟ್ಯಾಂಡ್‌ನಲ್ಲಿ ಮಾವನ ಜಾಗ ಖಾಲಿ. ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಕೊಟ್ಟುಬಿಟ್ಟಿದ್ದಾರೆ. ಕೆಳಗೆ ಹೋಗಿ ಕೇಳಿದೆ. "ನನ್ನ ಕಾಲಿಗೆ ಆಗಲ್ಲ ಸರ್. ಯಜಮಾನ್ರು ಕೊಟ್ಟಾಗ ಬೇಡ ಅನ್ನೋಕೆ ಬಾಯಿ ಬರಲಿಲ್ಲ." ಮೆಟ್ಟಿಲ ಕೆಳಗೆ ಪೇಪರ್ ಸುತ್ತಿ ಇಟ್ಟಿದ್ದ. ಇಸಿದುಕೊಂಡು ಮೇಲೆ ಬಂದೆ. ಇನ್ನು ಆಗಲ್ಲ ಅನ್ನಿಸಿತು.

ಇವಳಿಗೆ ಹೇಳಿದೆ. ಪೂರ್ತಿ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆಗೆ ಒರಗಿ ನಿಂತಳು. "ಏನಾದ್ರೂ ಮಾಡಿ ಅಂದಿದ್ದೆ ನಾನು. ಅಪ್ಪನ ತಲೆನೇ ಕೆಡಿಸಿ ಅಂದಿರಲಿಲ್ಲ." ಆಮೇಲೆ, "ಹೋಗಿ ಹೇಳಿ. ಈಗಲೇ."

ಹೇಳಿದೆ. ಮಾವನ ಮಂಚದ ತುದಿಯಲ್ಲಿ ಕೂತು, ನೆಲ ನೋಡಿಕೊಂಡು. ದಾರಿ ಅಳಿಸಿದ್ದು ನಾನು. 'ಮುಂದೆ ಇರಬೇಕು' ಅಂದದ್ದು ಸುಳ್ಳು. 'ನಿಧಾನ' ಹೋದದ್ದು ನನ್ನಿಂದ.

ಎಲ್ಲ ಕೇಳಿದರು. ನನ್ನ ಭುಜ ತಟ್ಟಿದರು.

"ನೀವು ಒಳ್ಳೆಯವರು. ಮಗ ಇದ್ದಿದ್ರೂ ಇಷ್ಟು ಮಾಡ್ತಿರಲಿಲ್ಲ. ನನ್ನ ಸಮಾಧಾನಕ್ಕೆ ತಪ್ಪೆಲ್ಲ ನಿಮ್ಮ ಮೇಲೆ ಎಳ್ಕೋಬೇಡಿ."

"ಸಮಾಧಾನ ಅಲ್ಲ ಮಾವ. ನಿಜ."

"ಆಯ್ತು, ನಿಜ," ಅಂದರು, ಮಕ್ಕಳಿಗೆ ಹೇಳುವ ಹಾಗೆ. ಮಗ್ಗುಲಾದರು.

ನಂಬಲೇ ಇಲ್ಲ. ನನ್ನ ಮೇಲಿನ ನಂಬಿಕೆಯೇ ಅಡ್ಡ ಬಂತು. ಇವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು. "ಹಳದಿ ಗುರುತು ತೋರಿಸಿ. ಅಮ್ಮ, ಅಪ್ಪ ಸೇರಿ ಬಂಡೆಗಳಿಗೆ ಬಣ್ಣ ಹಚ್ಚಿದ್ದು. ಅಮ್ಮನ ಚಪ್ಪಲಿಗೆಲ್ಲ ಮೆತ್ತಿಕೊಂಡಿತ್ತು. ಹತ್ತೋವಾಗ ಕಾಣಲ್ಲ. ಇಳಿಯೋ ಕಡೆಗೆ ಮಾತ್ರ ಹಚ್ಚಿದ್ದಾರೆ, ಜನ ದಾರಿ ತಪ್ಪೋದು ಸುಸ್ತಾಗಿ ಇಳಿಯೋವಾಗ ಅಂತ. ಮೊದಲನೇದು ಆ ದೊಡ್ಡ ಬಂಡೆ ಬೆನ್ನ ಮೇಲೆ."

ಎಷ್ಟು ಸಲ ಆ ದಾರಿಯಲ್ಲಿ ಇಳಿದಿದ್ದೇನೆ. ಒಂದು ಗುರುತೂ ನೋಡಿಲ್ಲ. ಸ್ಕ್ರೀನ್ ನೋಡುತ್ತಿದ್ದೆ, ಇಲ್ಲವೇ ಮಾವನ ಬೆನ್ನು. ಅವರು ಪ್ರತಿ ತಿರುವಿನಲ್ಲಿ ಬಗ್ಗಿ ಶೂ ಲೇಸ್ ಕಟ್ಟುತ್ತಾ ನಿಂತಿರುತ್ತಿದ್ದರು. ಲೇಸ್ ಬಿಚ್ಚಿರುತ್ತಿರಲಿಲ್ಲ. ನನ್ನ ಏದುಸಿರು ನನಗೆ ಅವಮಾನ ಆಗಬಾರದು ಅಂತ ಹಾಗೆ.

ಮೇ 5, ಭಾನುವಾರ, ಬೆಟ್ಟದ ಬುಡ, ಬಸ್ ಸ್ಟಾಪ್

ಫೋನಿನಲ್ಲಿ ಬರೆಯುತ್ತಿದ್ದೇನೆ. ಮಾವ ನೀರು ತುಂಬಿಸಿಕೊಳ್ಳುತ್ತಿದ್ದಾರೆ.

ಬರಲ್ಲ ಅಂದಿದ್ದರು. ಇವಳು ಶೂ ತಂದು ಮುಂದಿಟ್ಟು, ತಾನೇ ಕೂತು ಹಾಕಿಸಿದಳು. ಅಪ್ಪನ ಮುಖ ನೋಡಲಿಲ್ಲ. ಮೇಲಿನ ದಾರಿ ಬೇಡ ಅಂತ ಗುದ್ದಾಡಿದವಳು.

"ಪಂಡಿತರನ್ನ ಆನ್ ಮಾಡಿ," ಅಂದರು ಮಾವ.

"ಇವತ್ತು ಅವರಿಗೆ ರಜೆ ಮಾವ. ನೀವೇ ಕರ್ಕೊಂಡು ಹೋಗಿ."

"ನಾನಾ?" ನಗಲಿಲ್ಲ.

ಮೇ 5, ಕವಲು

ಬರುವ ದಾರಿಯುದ್ದಕ್ಕೂ ತಿರುಗಿ ತಿರುಗಿ "ಸರೀನಾ?" ಅಂತ ಕೇಳಿದರು. ದಾರಿ ನೆಟ್ಟಗಿದ್ದಲ್ಲೂ ಕೇಳಿದರು. ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದವರು ಈಗ ನನ್ನ ಪಕ್ಕ ಬಿಡುವುದಿಲ್ಲ.

ಕವಲಿನಲ್ಲಿ ನಿಂತಿದ್ದೇವೆ. ಅವರು ಹೇಳಿದ ಹಾಗೇ ಇದೆ. ಗಿಡ, ಆಡಿನ ಜಾಡುಗಳು. ನನಗೂ ಯಾವುದು ಅಂತ ತಿಳಿಯುತ್ತಿಲ್ಲ. ಮಾವ ಒಂದು ಜಾಡಿನ ಕಡೆ ನೋಡುತ್ತಾರೆ. ಕಾಲು ಅದರ ಕಡೆಗೇ ತಿರುಗಿದೆ. ಹೆಜ್ಜೆ ಇಡುತ್ತಿಲ್ಲ.

"ಬಂಡೆ ಆಚೆ ಹೋಗಿ, ಹಿಂದೆ ತಿರುಗಿ ನೋಡಿ ಮಾವ. ಅತ್ತೆ ಹಚ್ಚಿದ ಬಣ್ಣ ಅಲ್ಲಿರಬೇಕು."

"ಇಲ್ಲದೇ ಇದ್ರೆ?"

ಕಲ್ಲಿನ ಮೇಲೆ ಕೂತುಬಿಟ್ಟಿದ್ದಾರೆ. ಕಾಯುತ್ತಿದ್ದೇನೆ. ಇಲ್ಲದೇ ಇದ್ದರೆ ಏನು ಅಂತ ನಾನೂ ಯೋಚಿಸಿಲ್ಲ. ಎಷ್ಟು ಮಳೆ ಬಂದು ಹೋಗಿದೆ.

ಮೇ 5, ಅಲ್ಲೇ, ಸ್ವಲ್ಪ ಹೊತ್ತಿನ ಮೇಲೆ

ಇತ್ತು.

ತಾವೇ ಎದ್ದರು. ಆ ಜಾಡಿನಲ್ಲೇ ಹೋದರು, ಬಂಡೆ ಬಳಸಿ. ನಾನು ಹಿಂದೆ. ತಿರುಗಿದರು. ಬಂಡೆಯ ಬೆನ್ನ ಮೇಲೆ, ಅಂಗೈಯಷ್ಟು, ಮಾಸಿದ ಹಳದಿ. ಬೆರಳಿಂದ ಸವರಿದರು. ಹತ್ತಿರ ಹೋಗಿ ಹಣೆ ಒತ್ತಿ ನಿಂತರು. ನಾನು ಅತ್ತುಬಿಟ್ಟೆ.

ನನ್ನ ಕಡೆ ತಿರುಗಿದಾಗ ಅದು ಹಳೆಯ ಮಾವ. ಕಣ್ಣು ನೆಟ್ಟಗೆ.

"ದಾರಿ ಇಲ್ಲೇ ಇದೆ. ಅವತ್ತು ನಾನು ಹಿಡಿದದ್ದೂ ಇದೇ ಜಾಡು."

"ಹೌದು ಮಾವ."

"ಹಾಗಾದ್ರೆ ನೀವು ಮೊನ್ನೆ ಹೇಳಿದ್ದು ನಿಜ."

"ಹೌದು."

"ನಿಧಾನನೂ?"

"ಅದೂ ನಾನೇ."

ಇದಕ್ಕೇ ಅಲ್ಲವೇ ಬಂದದ್ದು. ನನ್ನನ್ನು ನಂಬಲಿ ಅಂತ. ನಂಬಿದರು. ನಂಬುವಾಗ ಅವರ ಮುಖ ಹೇಗಾಯಿತು ಅಂತ ಬರೆಯಲಾರೆ.

"ನಾನು ಹುಚ್ಚ ಆಗ್ತಿದೀನಿ ಅಂದ್ಕೊಂಡಿದ್ದೆ," ಅಂದರು. ಜೋರಾಗಿ ಅಲ್ಲ. "ನೀವು ದಿನಾ ನನ್ನ ಎದುರಿಗೆ ಕೂತು ಊಟ ಮಾಡ್ತಿದ್ರಿ."

ಮಷಿನ್ ಕೇಳಿ ತೆಗೆದುಕೊಂಡರು. ಅದರ ದಾರ ನನ್ನ ಕುತ್ತಿಗೆಗೆ ಹಾಕಿದರು. "ಇದು ನಿಮಗೆ ಬೇಕಾಗತ್ತೆ." ಮೇಲಿನ ದಾರಿ ಹಿಡಿದು ಹೊರಟರು. ಬೀಸು ನಡಿಗೆ, ಕೆಂಪು ಟೋಪಿ. ರೈಟ್ ರೈಟ್ ಅನ್ನಲಿಲ್ಲ. ತಿರುಗಿ ನೋಡಲಿಲ್ಲ.

ಸಂತೋಷ ಪಡಬೇಕು. ಪಡುತ್ತಿದ್ದೇನೆ. ಇವಳಿಗೆ ಮೆಸೇಜ್ ಹಾಕಿದೆ: ಅಪ್ಪ ಸರಿಯಾಗಿದ್ದಾರೆ. ನನ್ನ ಬಗ್ಗೆ ಏನೂ ಬರೆಯಲಿಲ್ಲ.

ಮಷಿನ್ ಆನ್ ಮಾಡಿಲ್ಲ. ಅವರ ಹಿಂದೆಯೇ ಹತ್ತುತ್ತಿದ್ದೇನೆ, ನಿಂತು ನಿಂತು. ನಿಂತಾಗ ಬರೆಯುತ್ತೇನೆ. ಅವರು ಆಗಲೇ ಕಾಣೆಯಾಗಿದ್ದಾರೆ. ಇನ್ನೆಂದೂ ನನಗಾಗಿ ನಿಲ್ಲಲಾರರು, ನಿಲ್ಲಬೇಕಾಗಿಯೂ ಇಲ್ಲ. ಎದೆ ಹೊಡೆದುಕೊಳ್ಳುತ್ತಿದೆ. ಇನ್ನೊಂದು ತಿರುವು ಇದೆ, ಅದೇ ನವೆಂಬರ್‌ನ ತಿರುವು. ಅಲ್ಲಿಗೆ ಹೋಗಿ ಕೂರುತ್ತೇನೆ.

ಗಿಡಗಳ ಸಂದಿಯಲ್ಲಿ ಏನೋ ಕೆಂಪಗೆ. ಅಲುಗಾಡುತ್ತಿಲ್ಲ. ತೀರ ಕೆಳಗಿದೆ, ನೆಲದ ಹತ್ತಿರ. ಬಿದ್ದರಾ ಅಂತ ಓಡಿದೆ... ಬಿದ್ದಿಲ್ಲ. ನನಗೆ ಬೆನ್ನು ಹಾಕಿ ಬಗ್ಗಿದ್ದಾರೆ. ಕೈ ಶೂ ಲೇಸ್ ಮೇಲಿದೆ.